ಬಿಟ್ಟುಹೋದ ಎಳೆ

ಜರ್ಮನಿಯೋ ಐರ್ಲೆಂಡೋ ಅಂತ ವಿದೇಶದಲ್ಲಿ ಕೆಲಸ ಕೊಡಿಸುವ ಏಜೆಂಟ್ ಫೋನಿನಲ್ಲಿ ಕೇಳಿದಾಗ ಕಾಂಚನಾ, "ಯಾವುದಾದ್ರೂ ನಡಿತದ್ರಿ," ಅಂದಳು. ಚಹಾಕ್ಕೆ ಸಕ್ಕರೆ ಎಷ್ಟು ಅಂತ ಕೇಳಿದ್ದರೂ ಇದೇ ಉತ್ತರ ಬರುತ್ತಿತ್ತು.

"ಮೇಡಂ, ದೇಶಾ ರೀ ಅದು," ಅಂತ ಆತ ನಕ್ಕ. "ಸೋಮವಾರ ಸಂಜಿಯೊಳಗ ಹೇಳ್ರಿ. ಇಲ್ಲಾಂದ್ರ ಎರಡೂ ಕೈ ಬಿಟ್ಟು ಹೋಗ್ತಾವು."

ಕಾಂಚನಾ ಜಮಖಂಡಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬನಹಟ್ಟಿಗೆ ಬಂದು, ಮೊಬೈಲ್ ಮುಂದೆ ಕೂತು ಎರಡು ವರ್ಷ ಜರ್ಮನ್ ಕಲಿತವಳು. ಐರ್ಲೆಂಡಿಗೆ ಬೇಕಾದ ಇಂಗ್ಲಿಷ್ ಪರೀಕ್ಷೆಯೂ ಮುಗಿದಿತ್ತು. ಆದರೆ ಹೋದ ವರ್ಷ ಅಪ್ಪ ಮಲಕಾಜಪ್ಪ ತೀರಿಕೊಂಡ. ಅವಳು ಅಳಲಿಲ್ಲ. ಆಗಬೇಕಾದ್ದನ್ನೆಲ್ಲ ವಾರ್ಡಿನಲ್ಲಿ ಮಾಡುವ ಹಾಗೆ ಸರಸರ ಮಾಡಿ ಮುಗಿಸಿದಳು. ಅಂದಿನಿಂದ ಒಳಗೆ ಏನೂ ಅಲುಗಾಡಿರಲಿಲ್ಲ. ಜರ್ಮನ್ ಪಾಸಾದ ದಿನ ಅವ್ವ ಶೇವಂತಿ ಓಣಿಗೆಲ್ಲ ಪೇಢೆ ಹಂಚಿದರೆ, ಇವಳು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

ಅಪ್ಪನ ಕೈಮಗ್ಗ ಹಾಗೇ ನಿಂತಿತ್ತು. ಅದನ್ನು ಮಾರುವ ಮೊದಲು, ಅಪ್ಪನೇ ಬಣ್ಣ ಆರಿಸಿಟ್ಟಿದ್ದ ಕೊನೆಯ ಹಾಸನ್ನು, ಅಂದರೆ ಮಗ್ಗದ ಉದ್ದಕ್ಕೆ ಹಾಯುವ ಸೀರೆಯ ಎಳೆಗಳನ್ನು, ನೇಯಿಸಲೇಬೇಕೆಂದು ಅವ್ವ ಹಟ ಹಿಡಿದಳು. ಅದಕ್ಕೆ ಮಗ್ಗದ ಮೇಲಿರುವ ಹಳೆ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು, ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸಬೇಕು. ಕೆಚ್ಚುವುದು ಅಂತಾರೆ ಅದಕ್ಕೆ. ಒಬ್ಬರು ಎಳೆ ಆರಿಸಿ ಕೊಡಬೇಕು, ಎದುರು ಕೂತವರು ಹೊಸೆಯಬೇಕು. ಸಾವಿರಾರು ಎಳೆಗಳ ಕೆಲಸ. ಶೇವಂತಿ ರಬಕವಿಯ ಅಮಿತನಿಗೆ ಫೋನ್ ಹಚ್ಚಿದಳು.

ಅಮಿತ ಪವರ್‌ಲೂಮ್ ರಿಪೇರಿ ಮಾಡುವವ. ಅವನಿಗೆ ಕೆಚ್ಚುವುದನ್ನು ಕಲಿಸಿದ್ದೇ ಮಲಕಾಜಪ್ಪ. ಎರಡು ವರ್ಷ ಮಸ್ಕತ್‌ನಲ್ಲಿ ಫಿಟ್ಟರ್ ಆಗಿದ್ದವ ಒಂದು ದಿನ ಬ್ಯಾಗು ಹೊತ್ತು ವಾಪಸ್ ಬಂದು, ಇನ್ನು ಜನ್ಮದಲ್ಲಿ ವಿಮಾನ ಹತ್ತುವುದಿಲ್ಲ ಅಂತ ಊರಿಗೆಲ್ಲ ಸಾರಿದ್ದ.

ಶನಿವಾರ ಮುಂಜಾನೆ ಕಾಂಚನಾ ಎಳೆ ಕೊಡಲು, ಅಮಿತ ಹೊಸೆಯಲು ಎದುರುಬದುರು ಕೂತರು. ನಡುವೆ ಎಳೆಗಳು.

"ಯಾವ ದೇಶಕ್ಕ ಹೊಂಟಿ?"

"ಎರಡರಾಗ ಒಂದು. ನೀನ ಹೇಳು."

"ನಾ ಯಾಕ ಹೇಳ್ಲಿ? ಥಂಡಿ ಹತ್ತೂದು ನಿನಗ."

"ಮಸ್ಕತ್ ಹೆಂಗಿತ್ತು?"

"ಛಲೋ ಇತ್ತು. ಪಗಾರ ಛಲೋ, ಊಟ ಛಲೋ." ಮೂರ್ನಾಲ್ಕು ಎಳೆ ಹೊಸೆದ ಮೇಲೆ ಅಮಿತ ಮೆಲ್ಲಗೆ ಅಂದ, "ಜಗಳಾಡಾಕ ಮಾತ್ರ ಯಾರೂ ಇದ್ದಿಲ್ಲ."

ಎಳೆ ತೆಗೆದುಕೊಳ್ಳುವಾಗಲೆಲ್ಲ ಅವನ ಕಣ್ಣು ಮೇಲೇಳುತ್ತಿತ್ತು, ಅವಳ ಮುಖದ ಮೇಲೆ ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚಿಗೆ ನಿಲ್ಲುತ್ತಿತ್ತು.

"ಗಲ್ಲಕ್ಕ ಬೂದಿ ಹತ್ತೇದ."

ಅವಳು ಒರೆಸಿಕೊಂಡಳು.

"ಆ ಕಡಿ ಅಲ್ಲ, ಈ ಕಡಿ. ಇರ್ಲಿ ಬಿಡು, ಛಂದ ಕಾಣಸ್ತದ."

ಈಗ ನಾಚಿಕೆಯಾಗಬೇಕು ಅಂತ ಕಾಂಚನಾಗೆ ಗೊತ್ತಾಯಿತು. ಆದರೆ ಗೊತ್ತಾಯಿತು ಅಷ್ಟೇ. ಅವಳು ಮುಂದಿನ ಎಳೆ ಕೊಟ್ಟಳು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಸೀರೆಯ ಕಪ್ಪು ಒಡಲಿನ ಎಳೆಗಳು ಮುಗಿದು ಅಂಚಿನ ಕೆಂಪು ದಡಿ ಶುರುವಾಗಬೇಕಿತ್ತು. ಹಳೆಯ ಹಾಸಿನಲ್ಲಿ ದಡಿಯ ಮೊದಲ ಕೆಂಪು ಎಳೆ ಬಂತು, ಆದರೆ ಹೊಸದರಲ್ಲಿ ಇನ್ನೂ ಒಂದು ಕಪ್ಪು ಎಳೆ ಉಳಿದಿತ್ತು. ಎಲ್ಲೋ ಒಂದು ಎಳೆ ಬಿಟ್ಟುಹೋಗಿದೆ. ಅಲ್ಲಿಂದ ಈಚಿನದೆಲ್ಲ ತಪ್ಪು, ಎಲ್ಲ ಬಿಚ್ಚಬೇಕು.

ಕಾಂಚನಾ ಬೆರಳಾಡಿಸುತ್ತ ಹಿಂದಕ್ಕೆ ಹೋದಳು. ಬಹಳ ದೂರ, ನಿನ್ನೆಯ ಕೆಲಸದವರೆಗೆ ಹೋಗಬೇಕಾಯಿತು. ಅಲ್ಲಿ ಒಂದು ಕಪ್ಪು ಎಳೆ ಕೂಡದೆ ಜೋತಾಡುತ್ತಿತ್ತು. ಅದರ ತುದಿಗೆ ಯಾರೋ ಗುರುತಿಗೆಂದು ಬಿಳಿ ದಾರ ಕಟ್ಟಿದ್ದರು.

"ಇದನ್ನ ನಾ ಕಟ್ಟಿಲ್ಲ," ಅಂದಳು.

ಅಮಿತ ಬೂದಿಯ ಬಟ್ಟಲಿಗೆ ಬೆರಳು ಅದ್ದಿದ.

"ಎಳಿ ಬಿಟ್ಟಿದ್ದು ನೋಡಿದ್ದಿ ಹಂಗಾರ."

"ಹೂಂ. ನಿನ್ನಿ ಮಧ್ಯಾಹ್ನನ ನೋಡಿದ್ದೆ."

"ಆವಾಗ ಬಾಯಿಗೆ ಏನಾಗಿತ್ತು?"

"ಹೇಳಿದ್ರ ಕೆಲಸ ಇವತ್ತ ಮುಗೀತಿತ್ತು." ಅವನು ಬೂದಿಯ ಬಟ್ಟಲು ನೋಡುತ್ತ ಅಂದ. "ಬಿಚ್ಚಿ ಕೆಚ್ಚಾಕ ಇನ್ನೊಂದು ದಿನ ಬೇಕಾಗ್ತದ. ಇನ್ನೊಂದು ದಿನ ನೀ ಎದುರಿಗೆ ಕುಂದರ್ತಿ. ಅಷ್ಟ."

ಕಾಂಚನಾ ಬಟ್ಟಲನ್ನು ಎತ್ತಿ ಎಸೆದಳು. ಬೂದಿಯೆಲ್ಲ ಅವನ ಅಂಗಿಯ ಮೇಲಾಯಿತು.

"ನಮ್ಮಪ್ಪನ ಕಡೀ ಹಾಸು ಇದು! ನಿನ್ನ ಆಟಕ್ಕ ಇದ ಬೇಕಾಗಿತ್ತೇನು? ನಮ್ಮಪ್ಪ..."

ವರ್ಷದಿಂದ ಬಾರದಿದ್ದ ಅಳು ಬಂತು. ಬಿಕ್ಕಿ ಬಿಕ್ಕಿ, ಮೂಗು ಸುರಿಸುತ್ತ, ಸಣ್ಣ ಹುಡುಗಿಯ ಹಾಗೆ ಅತ್ತಳು. ಶೇವಂತಿ ಒಳಗಿನಿಂದ ಓಡಿಬಂದು ಬಾಗಿಲಲ್ಲಿ ನಿಂತಳು. ಮಗಳು ಅಳುತ್ತಿರುವುದನ್ನು ನೋಡಿ, ತಿರುಗಿ ಒಳಗೆ ಹೋದಳು.

"ತಪ್ಪಾತು," ಅಂದ ಅಮಿತ. "ಬೈಯಿ. ಇನ್ನಾ ಬೈಯಿ."

"ಬೈತೇನಿ. ನಾಳೆ ಲಗೂನ ಬಾ, ಬಿಚ್ಚೂದು ಬಾಳ ಐತಿ."

ಸೋಮವಾರ ಮುಂಜಾನೆಯಿಂದ ಬಿಚ್ಚುವುದು, ಮತ್ತೆ ಕೆಚ್ಚುವುದು ನಡೆಯಿತು. ಅತ್ತು ದಣಿದ ಮೈ ಭಾರವಾಗಿತ್ತು. ಸಂತೋಷ ಅನ್ನುವಂಥದ್ದು ಇನ್ನೂ ಬಂದಿರಲಿಲ್ಲ. ಆದರೆ ಅವನು ಹನ್ನೊಂದಕ್ಕೆ ನೀರು ಕುಡಿಯಲು ಎದ್ದು ಹೋದಾಗ, ಯಾವಾಗ ಬಂದಾನು ಅಂತ ಅವಳು ಬಾಗಿಲು ನೋಡಿದಳು. ಎರಡು ಸಲ ನೋಡಿದಳು. ಹೀಗೆ ದಾರಿ ನೋಡಿ ವರ್ಷವಾಗಿತ್ತು.

ಕೊನೆಯ ಕೆಂಪು ಎಳೆಗಳು ಉಳಿದಿದ್ದಾಗ ಏಜೆಂಟ್ ಫೋನ್ ಬಂತು. ಕೈಯೆಲ್ಲ ಬೂದಿಯಾದ್ದರಿಂದ ಕಾಂಚನಾ ಸ್ಪೀಕರಿಗೆ ಹಾಕಿದಳು.

"ಏನ್ ಬರಕೊಳ್ಳಲಿ ಮೇಡಂ?"

"ಒಂದು ಕೇಳೂದಿತ್ತರಿ. ಗಂಡನ್ನ ಕರಕೊಂಡು ಹೋಗಾಕ ಯಾವ ದೇಶ ಹಗುರ?"

ಅಮಿತನ ಬೆರಳು ನಿಂತವು. ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದೂ ನಿಂತಿತು.

"ಫಾರ್ಮಿನ್ಯಾಗ ಮದುವಿ ಆಗಿಲ್ಲ ಅಂತ ಐತಲ್ರಿ?"

"ಆಗಿಲ್ರಿ. ಸುಮ್ನ ಕೇಳಾಕತ್ತೇನಿ."

"ಐರ್ಲೆಂಡ್ ಹಗುರ್ರಿ. ಜರ್ಮನಿಗಾದ್ರ ಗಂಡನೂ ಸ್ವಲ್ಪ ಜರ್ಮನ್ ಕಲ್ತು ಪರೀಕ್ಷಾ ಪಾಸ್ ಆಗಬೇಕಾಗ್ತದ."

ಕಾಂಚನಾ ಅಮಿತನನ್ನು ನೋಡಿದಳು. ಎರಡು ವರ್ಷದ ಜರ್ಮನ್ ನೀರುಪಾಲಾಗುತ್ತಿತ್ತು, ಆಗಲಿ.

"ಹಂಗಾರ ಐರ್ಲೆಂಡ..."

"ಜರ್ಮನಿ ಬರಕೋರಿ," ಅಂತ ಅಮಿತ ಎಳೆಗಳ ಮೇಲಿಂದ ಬಾಗಿ ಫೋನಿಗೆ ಹೇಳಿದ. "ಆಕಿ ಎರಡು ವರ್ಷ ನಿದ್ದಿಗೆಟ್ಟು ಓದ್ಯಾಳ್ರಿ. ನಾ ಹತ್ತನೇ ಕ್ಲಾಸಿನ್ಯಾಗ ಎರಡು ಸಲ ಫೇಲ್ ಆದಾಂವ. ಇದ ಎಷ್ಟು ಸಲ ಆಗ್ತದೋ ಆಗ್ಲಿ, ಬರೀತೇನಿ. ವಿಮಾನಾನೂ ಹತ್ತತೇನಿ."

ಏಜೆಂಟ್ ಗಲಿಬಿಲಿಯಾದ. "ಮೇಡಂ, ಯಾರ್ರೀ ಇವರು?"

ಅಮಿತ ಅವಳ ಕಡೆ ನೋಡಿದ.

"ನಮ್ಮ ಮನಿಯವ್ರು ರೀ," ಅಂದಳು ಕಾಂಚನಾ.