ನೆರಳು ಅಳಿಸಿದ ಮಬ್ಬುದೀಪಗಳು

ಬೆಟ್ಟಗಳು ಇನ್ನೂ ನಡೆದಾಡುತ್ತಿದ್ದ ಕಾಲದಲ್ಲಿ ಮಿಣುಕನಾಡು ಎಂಬ ರಾಜ್ಯವಿತ್ತು. ಅಲ್ಲಿ ಪುಟಾಣಿ ಎಲ್‌ಇಡಿ ದೀಪಗಳು ಮೆಣಸಿನಕಾಯಿಯ ಹಾಗೆ ಗಿಡದಲ್ಲೇ ಬಿಡುತ್ತಿದ್ದವು. ಸಂಕವ್ವ ಎಂಬವಳು ಅವನ್ನು ಕಿತ್ತು ತಂದು, ಅರದಿಂದ ಅವುಗಳ ಉರುಟು ತಲೆ ತೀಡಿ, ಮರಳುಕಾಗದದಲ್ಲಿ ಉಜ್ಜಿ, ಬಟ್ಟೆಯಿಂದ ಹೊಳಪು ಕೊಟ್ಟು, ಆಟದ ಬಂಡಿಗಳಿಗೂ ಗೊಂಬೆಗಳ ಕಣ್ಣಿಗೂ ಕೂರಿಸುತ್ತಿದ್ದಳು. ಅವಳ ದೀಪದಲ್ಲಿ ಮುಖ ನೋಡಿಕೊಂಡು ಕುಂಕುಮ ಇಡಬಹುದು ಎಂದು ಊರೆಲ್ಲ ಹೊಗಳುತ್ತಿತ್ತು.

ಒಂದು ದಿನ ಮಸಿಗಣ್ಣನೆಂಬ ಮಾಂತ್ರಿಕ ದೀಪ ಕೇಳಲು ಬಂದ. ಸಂಕವ್ವನ ಗಂಡ ಬಾಳಯ್ಯ, "ಮೊದಲು ಹಲ್ಲುಜ್ಜಿ ಬಾರಯ್ಯ" ಎಂದುಬಿಟ್ಟ. ಮಸಿಗಣ್ಣ ಸಿಟ್ಟಾಗಿ ಅವನನ್ನು ಕರಡಿ ಮಾಡಿದ.

"ಇವನ ನೆರಳಲ್ಲೇ ನನ್ನ ಬಿಡಾರ, ಅದೇ ನನ್ನ ಊಟ. ಮೂರು ಸಂಜೆಯೊಳಗೆ ನೆರಳು ಅಳಿಸು, ಗಂಡ ಸಿಗುತ್ತಾನೆ. ಇಲ್ಲದಿದ್ದರೆ ಜನ್ಮವಿಡೀ ಕರಡಿ. ಕತ್ತಲೆ ಮಾಡಿ ಗೆಲ್ಲಲು ನೋಡಬೇಡ, ಬೆಳಕಲ್ಲೇ ಅಳಿಸಬೇಕು!" ಎಂದು ಸಂಕವ್ವನಿಗೆ ಹೇಳಿ ನೆರಳೊಳಗೆ ಜಾರಿದ.

"ಮೊದಲೂ ಅರ್ಧ ಕರಡಿಯೇ ಆಗಿದ್ದ. ಆದರೂ ನನ್ನ ಗಂಡ ನನಗೆ ಬೇಕು" ಎಂದಳು ಸಂಕವ್ವ.

ಮೊದಲ ಸಂಜೆ ಅವಳು ಚೆನ್ನಾಗಿ ಹೊಳಪು ಕೊಟ್ಟ ಒಂದು ದೀಪವನ್ನು ಕರಡಿಯತ್ತ ಹಿಡಿದಳು. ಬೆಳಕು ಬಾಣದಂತೆ ನುಗ್ಗಿತು. ನೆರಳು ಇನ್ನೂ ಕಪ್ಪಾಗಿ ಬಿತ್ತು.

"ಊಟ ಚೆನ್ನಾಗಿತ್ತು ತಾಯಿ!" ಎಂದು ಮಸಿಗಣ್ಣ ತೇಗಿದ.

ಎರಡನೆಯ ಸಂಜೆ ಹನ್ನೆರಡು ದೀಪಗಳನ್ನು ಸುತ್ತಲೂ ಇಟ್ಟಳು. ಹನ್ನೆರಡು ನೆರಳು ಬಿದ್ದವು. ಒಂದೊಂದರಲ್ಲೂ ಒಬ್ಬೊಬ್ಬ ಮಸಿಗಣ್ಣ ಕಾಲು ಮಡಚಿ ಕೂತಿದ್ದ.

"ಒಬ್ಬನನ್ನೇ ಓಡಿಸಲಾಗದವಳು ಹನ್ನೆರಡು ಎಲೆ ಹಾಕಿದೆಯಲ್ಲೇ!" ಎಂದು ಹನ್ನೆರಡೂ ಬಾಯಿ ನಕ್ಕವು.

ಕರಡಿ ಮೂಲೆಗೆ ಹೋಗಿ ಅತ್ತಿತು.

ಮೂರನೆಯ ದಿನ ಸಂಕವ್ವ ಹೊಸ ದೀಪವೊಂದನ್ನು ಉಜ್ಜುತ್ತಿದ್ದಳು. ಉಜ್ಜಿದ ತಲೆ ಹಾಲಿನಂತೆ ಮಬ್ಬಾಯಿತು. ಒಳಗಿನ ಕೂದಲೆಳೆಯಂಥ ತಂತಿ ತುಂಡಾಗಿಲ್ಲ ತಾನೆ ಎಂದು, ಹೊಳಪು ಕೊಡುವ ಮೊದಲೇ ಹೊತ್ತಿಸಿ ನೋಡಿದಳು. ಬೆಳಕು ಬಾಣವಾಗಲಿಲ್ಲ. ಉಕ್ಕಿದ ಹಾಲಿನಂತೆ ಎಲ್ಲ ಕಡೆ ಹರಡಿತು. ಗೋಡೆಯ ಮೇಲೆ ಅವಳ ಕೈಯ ನೆರಳಿನ ಅಂಚೇ ಕರಗಿತ್ತು.

"ನನ್ನ ಹೊಳಪಿಗಿಷ್ಟು ಬೆಂಕಿ ಹಾಕ! ಆ ದರಿದ್ರದವನನ್ನು ನಾನೇ ಸಾಕಿದೆನಲ್ಲ!"

ಅಷ್ಟು ಕಷ್ಟಪಟ್ಟು ಕೊಟ್ಟ ಹೊಳಪನ್ನೆಲ್ಲ ಉಜ್ಜಿ ತೆಗೆಯಲು ಕೂತಳು. ಒಂದು ಉಜ್ಜು ಹೆಚ್ಚಾದರೆ ತಂತಿ ತುಂಡಾಗಿ ದೀಪ ಸತ್ತಂತೆ. ಅವಸರದಲ್ಲಿ ಎರಡು ಸತ್ತವು. ಗಿಡದಿಂದ ಮತ್ತೆರಡು ಕಿತ್ತು ತಂದಳು.

ಪಕ್ಕದ ಮನೆಯ ನೀಲವ್ವ ಇಣುಕಿ, "ಏನೇ ಸಂಕೀ, ಹೊಳಪು ಕೊಡೋದು ಮರೆತುಹೋಯ್ತಾ?" ಎಂದಳು.

"ಮರೆತಿಲ್ಲ ಚಿಗವ್ವ, ಬಿಟ್ಟಿದ್ದೀನಿ."

ಸಂಜೆ ಕರಡಿಯ ಮೇಲೆ, ಕೆಳಗೆ, ಸುತ್ತಲೂ ಮಬ್ಬುದೀಪಗಳು ಹೊತ್ತಿದವು. ಬೆಳಕು ಬೆಳಕಿನೊಂದಿಗೆ ಬೆರೆಯಿತು. ನೆರಳುಗಳು ನೀರುಮಜ್ಜಿಗೆಯಷ್ಟು ತೆಳುವಾದವು. ಮಸಿಗಣ್ಣ ಮಂಡಿ ಮುದುರಿಕೊಂಡ.

"ತಾಯೀ, ಕಾಲಿಡುವಷ್ಟಾದರೂ ಜಾಗ ಬಿಡು!"

"ಬೇರೆ ಮನೆ ನೋಡಿಕೊ, ಹೋಗು!"

ಕೊನೆಯ ನೆರಳೂ ಅಳಿಯಿತು. ಮಸಿಗಣ್ಣ ಚಿಟಿಕೆ ಮಸಿಯಾಗಿ ಉದುರಿದ. ಸಂಕವ್ವ ಅದನ್ನು ಗುಡಿಸಿ ಹಳ್ಳಕ್ಕೆ ಬಿಟ್ಟಳು. ಕರಡಿಯ ಕೂದಲೆಲ್ಲ ಕಳಚಿ ಬಾಳಯ್ಯ ಎದ್ದು ನಿಂತ. ಉಜ್ಜಿ ಉಜ್ಜಿ ಅವಳ ಬೆರಳ ತುದಿಗಳು ಕೆಂಪಾಗಿದ್ದವು. ಅವನು ತುಪ್ಪ ತಂದು ಒಂದೊಂದಕ್ಕೂ ಹಚ್ಚಿದ.

ಅಂದಿನಿಂದ ಮಿಣುಕನಾಡಿನ ತೊಟ್ಟಿಲುಗಳ ಮೇಲೆ ಮಬ್ಬುದೀಪವನ್ನೇ ತೂಗುಹಾಕಿದರು. ಮಕ್ಕಳು ಹೆದರದೆ ಮಲಗಿದರು, ತಾಯಂದಿರು ನಿದ್ದೆ ಕಂಡರು. ಅದಕ್ಕಿಂತ ದೊಡ್ಡ ಸುಖ ಯಾವ ರಾಜ್ಯದಲ್ಲಿದೆ?