ಬುಗುರಿಯ ಗ್ಯಾಂಗ್ ನೋಡಲು ಐವತ್ತು ನಿಮಿಷ

"ಐವತ್ತು ನಿಮಿಷ," ಎಂದರು ಅಪ್ಪ, ಶಾಲೆಯ ಗೇಟಿನ ಎದುರು ನಿಂತು ವಾಚು ನೋಡುತ್ತ. "ಈಗ ಶುರು."

ಅಪ್ಪ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಪರೀಕ್ಷೆಯ ಕೋಣೆಗಳಲ್ಲಿ ನಿಂತು ನಿಂತು ಅವರಿಗೆ ಎಲ್ಲ ಕಡೆಯೂ ಪರೀಕ್ಷೆಯೇ ನಡೆಯುತ್ತಿರುವಂತೆ ಕಾಣುತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗಲೂ "ಕೊನೇ ಹತ್ತು ನಿಮಿಷ" ಎನ್ನುತ್ತಿದ್ದರು.

ಮಧ್ಯಾಹ್ನ ಅವರೂ ಮಗಳು ಕಡ್ಡಿಯೂ ಒಂದು ವಿಮಾನದಿಂದ ಇಳಿದಿದ್ದರು. ಸಂಜೆ ಇನ್ನೊಂದನ್ನು ಹತ್ತಬೇಕಿತ್ತು. ನಡುವಿನ ಆರು ಗಂಟೆಗೆ ಲೇಓವರ್ ಎಂದು ಹೆಸರು. ಬೇರೆಯವರು ಅದನ್ನು ಏರ್‌ಪೋರ್ಟಿನ ಕುರ್ಚಿಯಲ್ಲಿ ತೂಕಡಿಸಿ ಕಳೆಯುತ್ತಾರೆ. ಅಪ್ಪ ಮಾತ್ರ ಒದ್ದೆ ಬಟ್ಟೆ ಹಿಂಡುವಂತೆ ಅದನ್ನು ಹಿಂಡಲು ಪಟ್ಟಿ ಮಾಡಿಕೊಂಡು ಬಂದಿದ್ದರು. ಮ್ಯೂಸಿಯಂ, ಹಳೇ ಸೇತುವೆ, ಎತ್ತರದ ಗೋಪುರ. ಕಡ್ಡಿ ಬೇಡಿ, ಕಾಡಿ, ಎರಡು ದಿನ ಮಾತು ಬಿಟ್ಟು, ಆ ಪಟ್ಟಿಗೆ ಇನ್ನೊಂದನ್ನು ಸೇರಿಸಿದ್ದಳು. ಬುಗುರಿ.

ಬುಗುರಿ ಕಡ್ಡಿಯ ಜೀವದ ಗೆಳತಿ. ಅವಳಮ್ಮನಿಗೆ ಈ ಊರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ, ಹೋದ ವರ್ಷ ಇಲ್ಲಿಗೆ ಬಂದಿದ್ದಳು. ನಿಂತಲ್ಲಿ ನಿಲ್ಲುವವಳಲ್ಲ, ಅದಕ್ಕೇ ಆ ಹೆಸರು. ಕಡ್ಡಿಗೆ ಆ ಹೆಸರು ಯಾಕೆ ಬಂತೆಂದು ಕಡ್ಡಿಯನ್ನು ನೋಡಿದವರು ಯಾರೂ ಕೇಳಿಲ್ಲ.

ಈಗೀಗ ಫೋನಿನಲ್ಲಿ ಬುಗುರಿಯದು ಒಂದೇ ಮಾತು, ಗ್ಯಾಂಗ್.

"ಜಿರಾಫೆ ಇವತ್ತು ನನಗೋಸ್ಕರ ಎಲ್ಲರನ್ನೂ ನಿಲ್ಲಿಸಿಬಿಟ್ಟ ಕಣೆ."

"ಕುಕ್ಕರ್ ನನಗೆ ಬೀಗ ತೆಗೆಯೋದು ಹೇಳ್ಕೊಡ್ತಿದ್ದಾನೆ. ಕೀ ಇಲ್ಲದೇನೆ."

"ಮಹಾರಾಣಿಗೆ ಎಷ್ಟು ಜಂಬ ಗೊತ್ತಾ? ನನ್ನ ಪಕ್ಕ ಬಿಟ್ರೆ ಯಾರ ಪಕ್ಕಾನೂ ಕೂರಲ್ಲ."

ಕಡ್ಡಿ "ಓ, ಹೌದಾ" ಎನ್ನುತ್ತಿದ್ದಳು. ಫೋನಿಟ್ಟ ಮೇಲೆ ಪೆನ್ಸಿಲ್ ಕಚ್ಚುತ್ತಿದ್ದಳು. ಒಂದು ವರ್ಷಕ್ಕೆ ಹನ್ನೊಂದು ಪೆನ್ಸಿಲ್ ಹಾಳಾಗಿದ್ದವು.

ಇವತ್ತು ಆ ಮೂವರನ್ನೂ ಕಣ್ಣಾರೆ ನೋಡಿ, ಬುಗುರಿಯ ಮೊದಲನೇ ಫ್ರೆಂಡ್ ಯಾರೆಂದು ತೀರ್ಮಾನ ಮಾಡಿಬಿಡಬೇಕೆಂದು ಅವಳು ಬಂದಿದ್ದಳು. ಅದಕ್ಕಾಗಿ ಮಿಮಿಕ್ರಿ ತಯಾರಾಗಿತ್ತು. ಹೆಡ್‌ಮಿಸ್ಸು, ನೆಗಡಿಯಾದ ಪಿ.ಟಿ. ಮೇಷ್ಟ್ರು, ರಿವರ್ಸ್ ಬರುವ ಸ್ಕೂಲ್ ವ್ಯಾನು. ವಿಮಾನದಲ್ಲಿ ಪಕ್ಕದ ಸೀಟಿನವರು ಎರಡು ಸಲ ತಿರುಗಿ ನೋಡಿ, ಮೂರನೇ ಸಲ ಕಿವಿಗೆ ಹತ್ತಿ ಇಟ್ಟುಕೊಂಡಿದ್ದರು.

ಗಂಟೆ ಹೊಡೆಯಿತು. ಮಕ್ಕಳು ಇಬ್ಬಿಬ್ಬರಾಗಿ, ನಾಲ್ಕೈದು ಜನರಾಗಿ, ಹೆಗಲಿಗೆ ಕೈ ಹಾಕಿಕೊಂಡು ಹೊರಬಂದರು. ಎಲ್ಲರೂ ಹೋದ ಮೇಲೆ ಬುಗುರಿ ಬಂದಳು. ಒಬ್ಬಳೇ ಬಂದಳು, ನಿಧಾನವಾಗಿ ಬಂದಳು. ಕಡ್ಡಿ ಕಣ್ಣಿಗೆ ಬಿದ್ದ ಮೇಲೆಯೇ ಓಡಿದ್ದು.

"ನೀನು ಉದ್ದ ಆಗಿದೀಯ," ಎಂದಳು ಬುಗುರಿ.

"ನೀನು ಆಗಿಲ್ಲ," ಎಂದಳು ಕಡ್ಡಿ.

ಸ್ವಲ್ಪ ಹೊತ್ತು ಇಬ್ಬರೂ ನಕ್ಕರು.

"ಎಲ್ಲಿ ನಿನ್ನ ಗ್ಯಾಂಗು?"

ಬುಗುರಿ ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು. ಸರಿಯಾಗಿಯೇ ಇತ್ತು. "ಗೋಪುರ ನೋಡಿದ್ರಾ? ಅಲ್ಲಿಗೇ ಹೋಗೋಣ. ಗ್ಯಾಂಗಲ್ಲಿ ಏನಿದೆ ನೋಡಕ್ಕೆ."

"ಗೋಪುರ ಅಪ್ಪಂದು. ನನಗೆ ಗ್ಯಾಂಗ್ ಬೇಕು."

"ನಲವತ್ತನಾಲ್ಕು," ಎಂದರು ಅಪ್ಪ ಹಿಂದಿನಿಂದ.

ಬುಗುರಿ ಮನೆಯ ದಾರಿ ಹಿಡಿದಳು. ಮೊದಲ ರಸ್ತೆ ದಾಟುವಲ್ಲಿ ಕಿತ್ತಳೆ ಕೋಟು ತೊಟ್ಟ ಒಬ್ಬರು ನಿಂತಿದ್ದರು. ಕೈಯಲ್ಲಿ 'ನಿಲ್ಲಿ' ಎಂದು ಬರೆದ ದುಂಡನೆ ಬೋರ್ಡು. ಎತ್ತರ ಎಂದರೆ ಎತ್ತರ, ಅದರಲ್ಲಿ ಅರ್ಧ ಕತ್ತೇ ಇತ್ತು. ಬುಗುರಿಯನ್ನು ನೋಡಿದ್ದೇ ರಸ್ತೆಗಿಳಿದು ಬೋರ್ಡು ಎತ್ತಿದರು. ಎರಡು ಬಸ್ಸು, ಒಂದು ಸಿಮೆಂಟ್ ಲಾರಿ, ಮೂರು ಸೈಕಲ್ಲು ನಿಂತವು.

"ಬನ್ನಿ ಮೇಡಂ. ಇವತ್ತು ಜೋಡಿನಾ?" ಎಂದು ಅವರು ಕತ್ತು ಬಗ್ಗಿಸಿದರು.

ಕಡ್ಡಿ ನಿಂತುಬಿಟ್ಟಳು. ಜೀಬ್ರಾ ಕ್ರಾಸಿಂಗಿನ ನಟ್ಟನಡುವೆ, ಜಿರಾಫೆ. ಅವಳು ಬುಗುರಿಯ ಮುಖ ನೋಡಿದಳು. ಬುಗುರಿ ರಸ್ತೆಯ ಬಿಳಿ ಗೆರೆಗಳನ್ನು ಎಣಿಸುತ್ತಿದ್ದಳು.

ಆಚೆ ಬದಿಯಲ್ಲಿ ಬೀರುವಿನಷ್ಟೇ ಅಗಲದ ಅಂಗಡಿ. ಒಳಗೆ ಕೀ ಮಾಡುವ ಅಂಕಲ್. ಉಸಿರಾಡಿದಾಗಲೆಲ್ಲ ಅವರ ಮೂಗು ಸಣ್ಣದಾಗಿ ಕೂಗುತ್ತಿತ್ತು.

"ಏನಮ್ಮ, ಸುಂಯ್, ನಿನ್ನೆ ಕೊಟ್ಟ ಬೀಗ, ಸುಂಯ್, ತೆಗೆದ್ಯಾ?"

"ಅರ್ಧ ತೆಗೆದೆ ಅಂಕಲ್."

"ಅರ್ಧ ತೆಗೆದ ಬೀಗ, ಸುಂಯ್, ಹಾಕಿದ ಬೀಗಾನೇ. ಇವಳ್ಯಾರು, ನಿನ್ನ ಫ್ರೆಂಡಾ?"

"ಹೌದು," ಎಂದಳು ಬುಗುರಿ, ಕಡ್ಡಿಯ ಕಡೆ ನೋಡದೆ.

ಮೂರನೆಯವಳನ್ನು ಕಡ್ಡಿ ತಾನೇ ಗುರುತಿಸಿದಳು. ಲೈಬ್ರರಿಯ ಮೆಟ್ಟಿಲ ಮೇಲೆ ಕೂತಿದ್ದಳು. ಬೂದು ಬಣ್ಣ, ಬಲಗಿವಿ ಅರ್ಧ ಇರಲಿಲ್ಲ, ಬಾಲವನ್ನು ಸುತ್ತಿ ಪಾದದ ಮೇಲಿಟ್ಟುಕೊಂಡಿದ್ದಳು.

ಬುಗುರಿ ಮೆಟ್ಟಿಲ ಮೇಲೆ ಕೂತಳು. ಮಹಾರಾಣಿ ಎದ್ದು ಬಂದು ಅವಳಿಗೆ ಒತ್ತಿಕೊಂಡು ಕೂತಳು.

"ನಗೋದಿದ್ರೆ ಈಗಲೇ ನಕ್ಕುಬಿಡು," ಎಂದಳು ಬುಗುರಿ. "ಊರಿಗೆ ಹೋಗಿ ಎಲ್ಲರ ಜೊತೆ ಸೇರ್ಕೊಂಡು ನಗಬೇಡ."

ಕಡ್ಡಿ ಗೆದ್ದಿದ್ದಳು. ಮಿಮಿಕ್ರಿಯ ಒಂದು ದನಿಯನ್ನೂ ಹೊರಗೆ ತೆಗೆಯದೆಯೇ, ಮೂವರ ಮೇಲೂ ಗೆದ್ದಿದ್ದಳು. ಒಂದು ವರ್ಷ ಕಾದ ಗೆಲುವು. ಈಗ ಅದನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ಅವಳಿಗೆ ತಿಳಿಯಲಿಲ್ಲ.

ಅವಳು ಬೆಕ್ಕಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. "ಮಹಾರಾಣಿಯವರೇ, ನಾನು ಕಡ್ಡಿ. ನಿಮ್ಮ ಬಗ್ಗೆ ಇವಳು ತುಂಬ ಹೇಳಿದಾಳೆ."

ಮಹಾರಾಣಿ ಮುಖ ತಿರುಗಿಸಿದಳು.

"ಜಂಬ ಅಂತ ಹೇಳಿದ್ದೆ," ಎಂದಳು ಬುಗುರಿ ಮೆಲ್ಲಗೆ.

"ಹೂಂ. ನೀನು ಹೇಳಿದ್ದೆಲ್ಲ ನಿಜಾನೇ," ಎಂದಳು ಕಡ್ಡಿ. ಯೋಚಿಸಿದರೆ ಹೌದು, ಒಂದು ಮಾತೂ ಸುಳ್ಳಾಗಿರಲಿಲ್ಲ.

"ಕೊನೇ ಐದು ನಿಮಿಷ," ಎಂದರು ಅಪ್ಪ.

"ಹಾಳೆಗಳನ್ನು ಎಣಿಸಿಕೊಳ್ಳಿ," ಎಂದಳು ಬುಗುರಿ, ಥೇಟ್ ಅಪ್ಪನ ದನಿಯಲ್ಲಿ. "ದಾರ ಕಟ್ಟಿಕೊಳ್ಳಿ."

"ಪಕ್ಕದವರ ಪೇಪರ್ ನೋಡಬೇಡಿ," ಎಂದಳು ಕಡ್ಡಿ, ಅದೇ ದನಿಯಲ್ಲಿ.

ಅಪ್ಪ ನಗಲಿಲ್ಲ. ಇಬ್ಬರನ್ನೂ ನೋಡಿದರು, ಬೆಕ್ಕನ್ನೂ ನೋಡಿದರು. ಜೇಬಿನಿಂದ ಪಟ್ಟಿ ತೆಗೆದು, ಗೋಪುರದ ಮೇಲೆ ಸ್ಕೇಲಿಟ್ಟ ಹಾಗೆ ನೇರವಾಗಿ ಗೆರೆ ಎಳೆದರು.

"ಮೂವತ್ತು ನಿಮಿಷ ಎಕ್ಸ್‌ಟ್ರಾ," ಎಂದರು. ಇಪ್ಪತ್ತೆರಡು ವರ್ಷಗಳಲ್ಲಿ ಯಾವ ವಿದ್ಯಾರ್ಥಿಗೂ ಅರ್ಧ ನಿಮಿಷ ಹೆಚ್ಚು ಕೊಟ್ಟವರಲ್ಲ. ಕೊಟ್ಟವರು ತಾವಲ್ಲವೆಂಬಂತೆ ಲೈಬ್ರರಿಯ ನೋಟಿಸ್ ಬೋರ್ಡಿನ ಮುಂದೆ ಹೋಗಿ, ಎಲ್ಲ ನೋಟಿಸನ್ನೂ ಓದತೊಡಗಿದರು.

ಕಡ್ಡಿ ಬುಗುರಿಯ ಇನ್ನೊಂದು ಪಕ್ಕದಲ್ಲಿ ಕೂತಳು.

"ಆ ಹೊಸ ಹುಡುಗಿ ಈಗಲೂ ನನ್ನ ಜಾಗದಲ್ಲೇ ಕೂರ್ತಾಳಾ?" ಎಂದು ಕೇಳಿದಳು ಬುಗುರಿ. "ಗುಂಗುರು ಕೂದಲವಳು. ಚೆನ್ನಾಗಿ ಡ್ರಾಯಿಂಗ್ ಮಾಡ್ತಾಳೆ ಅಂದಿದ್ಯಲ್ಲ."

ಕಡ್ಡಿ ತನ್ನ ಶೂ ನೋಡಿಕೊಂಡಳು. ಒಂದು ಸಂಜೆ ಗ್ಯಾಂಗಿನ ಕತೆ ಕೇಳಿ ಕೇಳಿ ಸಾಕಾಗಿ, ಫೋನಿನಲ್ಲೇ ಆ ಹುಡುಗಿಯನ್ನು ಹುಟ್ಟಿಸಿದ್ದಳು. ಆಮೇಲೆ ಕೂದಲು ಕೊಡಬೇಕಾಯಿತು. ಡ್ರಾಯಿಂಗೂ ಕಲಿಸಬೇಕಾಯಿತು.

"ಅದು ನನ್ನ ಬ್ಯಾಗು," ಎಂದಳು.

ಬುಗುರಿ ಯೋಚಿಸಿದಳು. "ಮತ್ತೆ ಗುಂಗುರು ಕೂದಲು?"

"ಇಲ್ಲ. ಬ್ಯಾಗು ಅಷ್ಟೇ. ನೀನು ಹೋದಾಗಿಂದ ಅದೇ ಕೂರುತ್ತೆ."

ರಸ್ತೆಯಲ್ಲಿ ಬಸ್ಸುಗಳು ನಿಂತವು, ಹೊರಟವು. ಬುಗುರಿ ಬೆಕ್ಕಿನ ಬೆನ್ನು ಸವರಿದಳು.

"ಇಲ್ಲಿ ಮೂರನೇ ಬೆಂಚಲ್ಲಿ ನಾನೊಬ್ಬಳೇ ಕಣೆ," ಎಂದಳು ಕೊನೆಗೆ. "ಮೊದಲನೇ ದಿನ ಏನಾಯ್ತು ಅಂದ್ರೆ..." ಎಂದು ನಿಲ್ಲಿಸಿದಳು.

ಕಡ್ಡಿ ಪೂರ್ತಿ ಅವಳ ಕಡೆ ತಿರುಗಿ ಕೂತಳು.

"ಹೇಳು," ಎಂದಳು.