ಬೋರಕ್ಕನ ಕೂಗು ಇದ್ದ ಕೀಬೋರ್ಡ್

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 9.20. ಹಿರಿಯೂರಿನ ಠಾಣೆಗೆ ದಯಾನಂದ ದೂರು ಹೊತ್ತು ಬಂದ. ಹಳ್ಳಿ ನಾಟಕಗಳಿಗೆ ಕೀಬೋರ್ಡ್ ನುಡಿಸುವುದು ಅವನ ಕೆಲಸ. ಬಬ್ಬೂರಿನ ಸಮುದಾಯ ಭವನದ ಕೋಣೆಯಲ್ಲಿ ಇಟ್ಟಿದ್ದ ಕೀಬೋರ್ಡ್ ಹಿಂದಿನ ರಾತ್ರಿ ಕಳುವಾಗಿತ್ತು. ಶನಿವಾರವೇ ನಾಟಕ.

ಹೆಡ್ ಕಾನ್‌ಸ್ಟೆಬಲ್ ನೇತ್ರಾವತಿ ಮೊದಲು ಅವನಿಗೆ ನೀರು ಕೊಟ್ಟಳು, ಆಮೇಲೆ ಪೆನ್ನು ತೆಗೆದಳು.

"ಹೊಸದು ತಗಳ್ಳಿ ಅಂತಾರೆ ಮೇಡಂ. ಅಂಥದ್ದು ಈಗ ಎಲ್ಲೈತೆ? ಹದಿನಾರು ಮಂದಿ ಬಾರ್ಸೋದನ್ನ ಅದೊಂದೇ ಬಾರಿಸ್ತೈತೆ. ಹೊರಗಿನ ಸದ್ದು ಹಿಡಿದು ಕೀ ಒಳಗೆ ಇಟ್ಕಂತೈತೆ. ಸ್ವಿಚ್ ಆರ್ಸಿದ್ರೆ ಹಂಗೆ ಹಿಡಿದಿದ್ದನ್ನ ಮರೀತೈತೆ ಅಷ್ಟೆ. ಫ್ಲಾಪಿ ಹಾಕಿದ್ರೆ ಮತ್ತೆ ನೆನಪಾಗ್ತೈತೆ."

"ನಮ್ಮನೆಯವರೂ ಹಂಗೇ. ಫ್ಲಾಪಿ ಎಲ್ಲಿ?"

"ಡಬ್ಬಿ ಅಲ್ಲೇ ಬಿಟ್ಟೋಗ್ಯಾರೆ."

10.05ಕ್ಕೆ ಎಫ್‌ಐಆರ್ ದಾಖಲಾಯಿತು. 11.30ಕ್ಕೆ ಇನ್‌ಸ್ಪೆಕ್ಟರ್ ಪ್ರಭುಲಿಂಗ ಸ್ಥಳ ಪಂಚನಾಮೆ ನಡೆಸಿದರು. ಚಿಲಕದ ಕೊಂಡಿ ಕಿತ್ತಿತ್ತು. ಆಂಪ್ಲಿಫೈಯರ್, ಮೈಕು ಇದ್ದಲ್ಲೇ ಇದ್ದವು. ಕೀಬೋರ್ಡಿನ ಹೊದಿಕೆಯನ್ನು ಯಾರೋ ನಾಲ್ಕು ಮಡಿಕೆ ಮಾಡಿ ಬೆಂಚಿನ ಮೇಲೆ ಇಟ್ಟಿದ್ದರು. ಬಾಗಿಲ ಮೊಳೆಗೆ ಕರಿ ಉಣ್ಣೆಯ ಎಳೆ ಸಿಕ್ಕಿಕೊಂಡಿತ್ತು.

"ಕಂಬಳಿಯಲ್ಲಿ ಸುತ್ತಿ ಒಯ್ದಿದ್ದಾನೆ," ಎಂದರು ಪ್ರಭುಲಿಂಗ. "ಬಾರಿಸೋನಾಗಿದ್ರೆ ಫ್ಲಾಪಿ ಬಿಡ್ತಿರಲಿಲ್ಲ. ಮಾರೋನಾಗಿದ್ರೆ ಮೈಕ್ ಬಿಡ್ತಿರಲಿಲ್ಲ."

ನೇತ್ರಾವತಿ ಆ ಹೊದಿಕೆಯನ್ನೇ ನೋಡುತ್ತಿದ್ದಳು. "ದಯಾನಂದಣ್ಣ, ತಾಲೀಮಿಗೆ ಯಾರ್ಯಾರು ಬಂದಿದ್ರು?"

"ನಮ್ಮೋರೇ. ಭಾನುವಾರ ಮಾತ್ರ ಒಂದು ಹಿಂಡು ಕುರಿ ನುಗ್ಗಿದ್ವು. ನಾಟಕದಾಗೆ ಕುರಿಗಾಹಿ ಸೀನ್ ಐತೆ. ಕುರಿ ಕರೆಯೋ ಕೂಗಿನ ಕೀ ಒತ್ತಿದೆ ನೋಡ್ರಿ, ಎಲ್ಲಾ ಸೀದಾ ರಂಗದ ಮೇಲಕ್ಕೇ ಬಂದ್ವು."

"ಯಾರ ಕೂಗು ಅದು?"

"ಬೋರಕ್ಕ ಅಂತ. ಎಂಟು ವರ್ಷದ ಕೆಳಗೆ ಹೊಲದ ಬದುವಲ್ಲಿ ಮೈಕ್ ಹಿಡಿದು ತುಂಬ್ಕಂಡಿದ್ದೆ. ಆಮೇಲೆ ಆಯಮ್ಮನ್ನ ಕಂಡಿಲ್ಲ."

ಕುರಿ ಸುಮ್ಮನೆ ಯಾರದೋ ಕೂಗಿಗೆ ಓಡಿಬರುವುದಿಲ್ಲ, ಸಾಕಿದವರ ಕೂಗಿಗಷ್ಟೇ ಬರುತ್ತವೆ. ನೇತ್ರಾವತಿಯ ತವರಿನಲ್ಲೂ ಕುರಿ ಇದ್ದವು. ಸಂಜೆಯವರೆಗೂ ಹಟ್ಟಿಹಟ್ಟಿ ತಿರುಗಿ ಕೇಳಿದಳು. ಬೋರಕ್ಕ ಹೋದ ವರ್ಷ ತೀರಿಕೊಂಡಿದ್ದಳು. ಗಂಡ ಜುಂಜಪ್ಪ ಬಬ್ಬೂರಿನ ಆಚೆಯ ಹಟ್ಟಿಯಲ್ಲಿದ್ದ.

ಮರುದಿನ ಬೆಳಿಗ್ಗೆ 7.40. ಪೊಲೀಸರು, ಪಂಚರು, ಫ್ಲಾಪಿ ಡಬ್ಬಿ ಹಿಡಿದ ದಯಾನಂದ ಬಾಗಿಲಲ್ಲಿ ನಿಂತಾಗ ಜುಂಜಪ್ಪ ಓಡಲಿಲ್ಲ. ಕಂಬಳಿ ಬಿಚ್ಚಿ ತೋರಿಸಿದ. ಕೀಬೋರ್ಡಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ಯಾಕೆ ತಂದೆ?" ಪ್ರಭುಲಿಂಗ ಕೇಳಿದರು.

"ಇದರೊಳಗೆ ನಮ್ಮಾಕಿ ಅದಾಳಲ್ಲ ಸ್ವಾಮಿ. ವಯರ್ ಹಾಕಿ ಎಲ್ಲಾ ಮಣೆನೂ ಒತ್ತಿದೆ. ಪಿಟೀಲು ಬಂತು, ಕೊಳಲು ಬಂತು. ಆಕಿ ಬರ್ಲಿಲ್ಲ."

"ಕೇಳಿದ್ರೆ ನಾನೇ ಕೇಳಿಸ್ತಿದ್ನಲ್ಲಪ್ಪ," ಎಂದ ದಯಾನಂದ.

"ಕೇಳಾಕೇ ಕುರಿ ಹಿಂದೆ ರಂಗದ ಮೇಲಕ್ಕೆ ಬಂದಿದ್ದೆ ಭಾನುವಾರ. ಕುರಿ ಹೊಡ್ಕಂಡು ಹೋಗಲೇ ಅಂತ ಬೈದ್ರಿ."



ವಸ್ತು ಸುಸ್ಥಿತಿಯಲ್ಲಿದೆಯೇ ಎಂದು ಪಂಚರ ಎದುರು ಪರೀಕ್ಷಿಸಿ ಬರೆಯಬೇಕು, ಎಂದಳು ನೇತ್ರಾವತಿ. ಎಂದೂ ಅಷ್ಟು ಕಟ್ಟುನಿಟ್ಟು ಮಾಡದವಳು. ಪ್ರಭುಲಿಂಗ ಅವಳ ಮುಖ ನೋಡಿ, "ಆಗಲಿ," ಎಂದರು.

ದಯಾನಂದ ಫ್ಲಾಪಿ ಹಾಕಿದ. ಯಂತ್ರ ಗೊರಗೊರ ಎನ್ನುತ್ತ ಎರಡು ನಿಮಿಷ ತೆಗೆದುಕೊಂಡಿತು. ಕೀ ಒತ್ತಿದ. ಬೋರಕ್ಕ ಹೊಲದ ಬದುವಿನಿಂದ ಒಮ್ಮೆ ಉದ್ದಕ್ಕೆ ಕೂಗಿದಳು. ರೊಪ್ಪದಲ್ಲಿ ಮಲಗಿದ್ದ ಕುರಿಗಳೆಲ್ಲ ಎದ್ದು ನಿಂತವು.

ಜಪ್ತಿ ಪಂಚನಾಮೆಗೆ ಸಹಿ ಬಿತ್ತು. 8.50ಕ್ಕೆ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು. ಜಾಮೀನಾಗುವವರೆಗೆ ಕುರಿ ನೋಡಿಕೊಳ್ಳಲು ಪಕ್ಕದ ಮನೆಯ ಪಾಲಮ್ಮನನ್ನು ನೇತ್ರಾವತಿ ಒಪ್ಪಿಸಿದಳು. ಕೇಸ್ ಡೈರಿಯಲ್ಲಿ, 'ಕಳವು ಮಾರಾಟದ ಉದ್ದೇಶದಿಂದ ಮಾಡಿದ್ದಲ್ಲ. ಮೃತ ಹೆಂಡತಿಯ ದನಿ ಕೇಳುವ ಸಲುವಾಗಿ' ಎಂದು ಬರೆದಳು. ಇನ್‌ಸ್ಪೆಕ್ಟರು ಓದಿ, ಒಂದಕ್ಷರವನ್ನೂ ಹೊಡೆಯದೆ ರುಜು ಹಾಕಿದರು.

ಜೀಪು ಹತ್ತುವ ಮುಂಚೆ ಜುಂಜಪ್ಪ ಒಂದು ಕ್ಷಣ ನಿಂತ. ಯಾರೂ ಹೇಳದಿದ್ದರೂ, ಸ್ವಿಚ್ ಆರಿಸುವ ಮುನ್ನ ದಯಾನಂದ ಮತ್ತೊಮ್ಮೆ ಆ ಕೀ ಒತ್ತಿದ.